ಗೆರೆ ಓದುವ ಸಣ್ಣತಾಯಮ್ಮ

ಗುಂಡ್ಲುಪೇಟೆಯ ಊಟಿ ರಸ್ತೆ ಬದಿಯ ಬಡಾವಣೆಯಲ್ಲಿ ಸಣ್ಣತಾಯಮ್ಮನನ್ನು ಎಲ್ಲರೂ ‘ಮೇಡಮ್ಮೋರು’ ಎಂದೇ ಕರೆಯುತ್ತಿದ್ದರು. ಯಾವ ಆಫೀಸಿನ ಮೇಡಮ್ಮೋರು ಎಂಬುದು ಮಾತ್ರ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆ ಅವಳು, “ಸೆಂಟ್ರಲ್ ಗೌರ್ಮೆಂಟು ಕಣವ್ವ, ಮಿಷನ್ನಿಗೆ ಪೇಪರ್ ಹಾಕೋದು, ತಗಿಯೋದು” ಎಂದು ಹೇಳಿ, ಮಾತನ್ನು ಮಳೆಯ ಕಡೆಗೋ ಮಾವಿನಕಾಯಿಯ ಕಡೆಗೋ ತಿರುಗಿಸಿಬಿಡುತ್ತಿದ್ದಳು. ಹೇಳಿದ್ದು ಸುಳ್ಳಲ್ಲ. ಮೂವತ್ತೇಳು ವರ್ಷ ಅವಳು ಮಾಡಿದ ಕೆಲಸದಲ್ಲಿ ಪೇಪರ್ ಹಾಕುವುದೂ ತೆಗೆಯುವುದೂ ಇತ್ತು. ಆ ಪೇಪರಿನ ಮೇಲೆ ಏನು ಬರುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ, ಅಷ್ಟೆ.

ಅವಳು ಹುಟ್ಟಿದ್ದು ಕುದೇರಿನಲ್ಲಿ. ಅಪ್ಪ ಮೂಗಯ್ಯ ಬಾವಿ ತೋಡುವ ಕೆಲಸದವನು. ಕೊಳವೆಬಾವಿಗಳು ಇನ್ನೂ ಆ ಸೀಮೆಗೆ ಬಂದಿರಲಿಲ್ಲ. ನಾಲ್ಕಾಳುದ್ದ ತೋಡಿದ ಮೇಲೆ ಬಂಡೆ ಸಿಕ್ಕಿದರೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಬೇಕಾಗಿತ್ತು. ಮಧ್ಯಾಹ್ನದ ಬುತ್ತಿ ತರುವ ಮಗಳನ್ನು ಮೂಗಯ್ಯ ದೂರದ ಹುಣಸೆಮರದ ಬುಡದಲ್ಲಿ ಕೂರಿಸಿ, ಕಿವಿ ಮುಚ್ಚಿಕೊಂಡಿರು ಎಂದು ಹೇಳಿ ಹೋಗುತ್ತಿದ್ದ. ಅವಳು ಮುಚ್ಚಿಕೊಳ್ಳುತ್ತಿರಲಿಲ್ಲ. ಎರಡೂ ಅಂಗೈ ನೆಲಕ್ಕೆ ಊರಿ ಕೂರುತ್ತಿದ್ದಳು. ಶಬ್ದ ಕಿವಿಗೆ ಬೀಳುವ ಮೊದಲೇ ಅಂಗೈಗೆ ಏನೋ ತಟ್ಟುತ್ತಿತ್ತು.

“ಅಪ್ಪಾ, ಸದ್ದು ಬರಕ್ ಮುಂಚೇನೆ ನೆಲ ಬತ್ತದೆ” ಎಂದು ಒಂದು ದಿನ ಹೇಳಿದಳು.

ಮೂಗಯ್ಯ ನಗಲಿಲ್ಲ. “ಊ ಕಣಮ್ಮಿ, ನೆಲ ಯಾವತ್ತೂ ಮುಂದೆ” ಎಂದ.

ಸಂತೆಮರಹಳ್ಳಿಯಲ್ಲಿ ಹೈಸ್ಕೂಲು, ಚಾಮರಾಜನಗರದಲ್ಲಿ ಸರ್ಕಾರಿ ಹಾಸ್ಟೆಲ್ಲಿದ್ದುಕೊಂಡು ಪಿಯುಸಿ, ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಅವರ ಬೀದಿಯಲ್ಲಿ ಹೆಣ್ಣುಮಗಳೊಬ್ಬಳು ಅಷ್ಟು ದೂರ ಓದಿದ್ದು ಅದೇ ಮೊದಲು. ೧೯೮೬ರಲ್ಲಿ ಗೌರಿಬಿದನೂರಿನ ಕಡೆ, ಭೂಮಿಯ ಕಂಪನ ಅಳೆಯುವ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹೊಲಗಳ ನಡುವೆ ಮೈಲಿಗಟ್ಟಲೆ ಉದ್ದಕ್ಕೆ ಅಲ್ಲಲ್ಲಿ ಗುಂಡಿಗಳು, ಒಂದೊಂದು ಗುಂಡಿಯಲ್ಲೂ ಒಂದೊಂದು ಯಂತ್ರ. ನೆಲ ಎಲ್ಲಿ ನಡುಗಿದರೂ, ಸಾವಿರಾರು ಮೈಲಿಯಾಚೆ ನಡುಗಿದರೂ, ಆ ಯಂತ್ರಗಳಿಗೆ ತಿಳಿಯುತ್ತಿತ್ತು. ಒಳಗೆ ಸುತ್ತುವ ಉರುಳೆಯ ಮೇಲಿನ ಕಾಗದದಲ್ಲಿ ಮುಳ್ಳು ಗೆರೆ ಎಳೆಯುತ್ತಿತ್ತು. ಕಾಗದ ಬದಲಾಯಿಸುವುದು, ಗೆರೆ ಎದ್ದ ಕಡೆ ಗಂಟೆ ನಿಮಿಷ ಬರೆಯುವುದು, ಸೈಕಲ್ಲಿನಲ್ಲಿ ಹೋಗಿ ಗುಂಡಿಯೊಳಗೆ ಹಾವೋ ನೀರೋ ಸೇರಿದೆಯೇ ನೋಡುವುದು ಅವಳ ಕೆಲಸ.

ಗೆರೆ ಓದುವುದನ್ನು ಕಲಿಸಿದವರು ಮರಿಮಲ್ಲಪ್ಪ ಎಂಬ ಹಿರಿಯ ಸಹೋದ್ಯೋಗಿ. ಕೇಂದ್ರ ಇದ್ದದ್ದು ಬರೀ ಭೂಕಂಪ ನೋಡುವುದಕ್ಕಲ್ಲ ಎಂದು ಮೊದಲ ವಾರವೇ ಅವರು ಹೇಳಿದ್ದರು. ದೊಡ್ಡ ದೊಡ್ಡ ದೇಶಗಳು ನೆಲದಡಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತವೆ, ಮಾಡಿಯೂ ಮಾಡಿಲ್ಲ ಎನ್ನುತ್ತವೆ. ನೆಲ ಮಾತ್ರ ಮುಚ್ಚಿಡುವುದಿಲ್ಲ. ದಾಖಲೆ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಒಂದು ಕಾಲಂ ಇತ್ತು. ಅವಳು ಸೇರಿದ ಹೊಸದರಲ್ಲಿ ಆ ಕಾಲಂ ತಿಂಗಳಿಗೆ ಮೂರು ಸಲ, ನಾಲ್ಕು ಸಲ ತುಂಬುತ್ತಿತ್ತು. ಎಲ್ಲೋ ಹುಲ್ಲುಗಾವಲಿನಲ್ಲಿ, ಎಲ್ಲೋ ಮರಳುಗಾಡಿನಲ್ಲಿ, ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ ಯಾರೋ ಬಟನ್ ಒತ್ತುತ್ತಿದ್ದರು. ಬಯಲುಸೀಮೆಯ ರಾಗಿ ಹೊಲದ ಪಕ್ಕದಲ್ಲಿ ಕುದೇರಿನ ಮೂಗಯ್ಯನ ಮಗಳು ಅದನ್ನು ಬರೆದುಕೊಳ್ಳುತ್ತಿದ್ದಳು.

ಮದುವೆಯಾದದ್ದು ಪುಟ್ಟಮಾದುವನ್ನು. ಅವನು ಗುಂಡ್ಲುಪೇಟೆ ಡಿಪೋದಲ್ಲಿ ಬಸ್ ಡ್ರೈವರ್. ಅವಳು ರಾಜ್ಯದ ಆ ತುದಿಯಲ್ಲಿ, ಅವನು ಈ ತುದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಒಬ್ಬರು ಬಸ್ಸು ಹತ್ತುತ್ತಿದ್ದರು. ಮಕ್ಕಳಾಗಲಿಲ್ಲ. ಅದರ ಕೊರಗು ಇಬ್ಬರಿಗೂ ಇದ್ದರೂ ಒಬ್ಬರ ಮೇಲೊಬ್ಬರು ಹಾಕಿಕೊಳ್ಳಲಿಲ್ಲ. ಸಣ್ಣತಾಯಮ್ಮನ ಅಣ್ಣನ ಮಗಳು ಭಾನು ಹೈಸ್ಕೂಲಿನಿಂದಲೇ ಇವರ ಮನೆಯ ಮಗಳಾಗಿದ್ದಳು. ೨೦೨೩ರಲ್ಲಿ ನಿವೃತ್ತಳಾಗಿ ಸಣ್ಣತಾಯಮ್ಮ ಗುಂಡ್ಲುಪೇಟೆಯ ಮನೆಗೆ ಬಂದಾಗ, ಎರಡು ವರ್ಷ ಮೊದಲೇ ಕೆಲಸ ಮುಗಿಸಿದ್ದ ಪುಟ್ಟಮಾದು ಅಡುಗೆಮನೆಯನ್ನು ಸಂಪೂರ್ಣ ತನ್ನ ವಶಕ್ಕೆ ತೆಗೆದುಕೊಂಡುಬಿಟ್ಟಿದ್ದ. ಸುಲ್ತಾನ್ ಬತ್ತೇರಿಯ ಹೋಟೆಲಿನವರಿಂದ ಕಲಿತ ಅವಿಯಲ್ಲು, ಪುಟ್ಟು ಎಲ್ಲಾ ಮಾಡುತ್ತಿದ್ದ. “ಮೂವತ್ತು ವರ್ಸ ಆದ್ಮೇಲೆ ಒಂದೇ ಮನೇಲಿ ಇರಂಗಾಯ್ತಲ್ಲ, ಈಗ ಜಗಳ ಆಡಕ್ಕೆ ಟೈಮ್ ಎಲ್ಲದೆ” ಎನ್ನುತ್ತಿದ್ದ.

ಪಕ್ಕದ ಮನೆ ಶಾಂತಮಲ್ಲಮ್ಮನದು. ಹಂಗಳದ ಕಡೆ ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ಜಮೀನಿದ್ದ ಲಿಂಗಾಯತರ ಮನೆ. ಗಂಡ ತೀರಿಕೊಂಡ ಮೇಲೆ ದೊಡ್ಡ ಮಗ ಮಹದೇವನ ಜೊತೆ ಪೇಟೆಗೆ ಬಂದಿದ್ದಳು. ಮಹದೇವ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಚಿಕ್ಕವನು ಸೋಮೇಶ್ ಸೈನ್ಯದಲ್ಲಿದ್ದ. ಶಾಂತಮಲ್ಲಮ್ಮ ಮಾತಿನಲ್ಲಿ ಒಳ್ಳೆಯವಳೇ. ಕಾಂಪೌಂಡಿನ ಆಚೆ ನಿಂತು ಕರಿಬೇವು ಕೇಳಿ ಇಸಿದುಕೊಳ್ಳುತ್ತಿದ್ದಳು, ನಿಂಬೆಹಣ್ಣು ಕೊಡುತ್ತಿದ್ದಳು, ‘ಮೇಡಮ್ಮೋರೆ’ ಎಂದು ಬಾಯಿತುಂಬಾ ಕರೆಯುತ್ತಿದ್ದಳು. ಆದರೆ ಹೊಸಿಲು ದಾಟಿ ಒಳಗೆ ಬಂದವಳಲ್ಲ. ಏನಾದರೂ ಕುಡಿಯಿರಿ ಎಂದರೆ ಅವತ್ತು ಸೋಮವಾರವೋ, ಹೊಟ್ಟೆ ಸರಿಯಿಲ್ಲವೋ, ಏನೋ ಒಂದು ಇರುತ್ತಿತ್ತು. ಸಣ್ಣತಾಯಮ್ಮನಿಗೆ ಇದೇನೂ ಹೊಸದಲ್ಲ. ಹಾಸ್ಟೆಲ್ಲಿನ ದಿನದಿಂದ ಬಲ್ಲಳು. ಒಂದೆರಡು ಸಲ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟಿದ್ದಳು.

ಕಳೆದ ವರ್ಷ, ಅಂದರೆ ೨೦೨೫ರ ಮೇ ತಿಂಗಳು. ಗಡಿಯಲ್ಲಿ ನಮಗೂ ಪಾಕಿಸ್ತಾನಕ್ಕೂ ಕಾದಾಟ ಶುರುವಾಗಿ ನಾಲ್ಕನೆಯ ದಿನ, ಶನಿವಾರ ಬೆಳಿಗ್ಗೆ. ಪುಟ್ಟಮಾದು ಹಿತ್ತಿಲಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದ. ಚಾಮರಾಜನಗರದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದ ಭಾನು ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದಳು. ಗೇಟಿನ ಸದ್ದಾಯಿತು. ನೋಡಿದರೆ ಶಾಂತಮಲ್ಲಮ್ಮ. ತಲೆ ಬಾಚಿರಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದಿದ್ದಳು.

“ಮೇಡಮ್ಮೋರೆ, ನೀವು ಓದಿದ್ದೋರು. ಇದು ದಿಟವಾ ನೋಡಿ ಯೋಳಿ” ಎಂದು ಮೊಬೈಲನ್ನು ಮುಂದೆ ಚಾಚಿದಳು.

ದಿನಸಿ ಅಂಗಡಿ ರಾಜಣ್ಣ ಕಳಿಸಿದ ಸಂದೇಶ. ಆ ದೇಶದವರು ನೆಲದೊಳಗೆ ಅಣುಬಾಂಬು ಸಿಡಿಸಿ ನೋಡಿಬಿಟ್ಟಿದ್ದಾರೆ, ಅಲ್ಲಿ ನೆಲ ನಡುಗಿದೆ, ಮುಂದಿನದು ನಮ್ಮ ಸೈನ್ಯದ ಮೇಲೆ ಎಂದು ಅದರಲ್ಲಿತ್ತು. ಕೆಳಗೆ ಹತ್ತು ಜನಕ್ಕೆ ಕಳಿಸಿ ಎಂದೂ ಇತ್ತು.

“ಸೋಮೇಸ ಫೋನ್ ಮಾಡಿ ನಾಕು ದಿನಾಯ್ತು. ಜಮ್ಮು ಕಡೆ ಅವ್ನೆ. ಮಹದೇವುನ್ ಕೇಳುದ್ರೆ ‘ಸುಮ್ನಿರವ್ವ, ಎಲ್ಲಾ ಪೊಳ್ಳು’ ಅಂತನೆ. ನನ್ ಸಮಾದಾನಕ್ ಯೋಳ್ತಾವ್ನೆ ಅಂತ ನಂಗೆ ಗೊತ್ತಾಗಲ್ವಾ?”

ಸುಳ್ಳು ಎಂದುಬಿಡುವುದು ಸುಲಭವಿತ್ತು. ಸಣ್ಣತಾಯಮ್ಮನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ನೋಡದೆ ಒಂದು ಗೆರೆಯನ್ನು ಹೀಗೆ ಎಂದು ಬರೆದವಳಲ್ಲ ಅವಳು.

“ಗೊತ್ತಿಲ್ಲ ಕಣಕ್ಕ. ನೋಡ್ಬೇಕು” ಎಂದಳು.

“ಎಲ್ಲಿ ನೋಡ್ತೀರಿ?”

“ನೆಲ ನಡುಗಿರದು ದಿಟ ಆದ್ರೆ ಗೆರೆ ಬಿದ್ದಿರ್ತದೆ. ಭಾನೂ, ನಿನ್ ಲ್ಯಾಪ್‌ಟಾಪ್ ತಗಬಾ.”

ಜಗತ್ತಿನ ಎಷ್ಟೋ ಕಂಪನ ಕೇಂದ್ರಗಳ ದಾಖಲೆಯನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಸಣ್ಣತಾಯಮ್ಮನಿಗೆ ಅದು ಗೊತ್ತಿದ್ದರೂ ನಿವೃತ್ತಿಯಾದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಹೋದ ಎತ್ತಿನ ಹಿಂದೆ ಹಗ್ಗ ಹಿಡಿದು ಓಡುವುದೇಕೆ ಎಂದುಕೊಂಡಿದ್ದಳು. ಈಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು, ಅವಳು ಹೇಳಿದ ಹಾಗೆ ಭಾನು ಹುಡುಕತೊಡಗಿದಳು. ಎರಡು ಜಾಲತಾಣ ತೆರೆಯಲಿಲ್ಲ. ಮೂರನೆಯದು ತೆರೆಯಿತು. ಅಷ್ಟರಲ್ಲಿ ಸಣ್ಣತಾಯಮ್ಮ ತಲೆಯೆತ್ತಿ ನೋಡಿದರೆ ಶಾಂತಮಲ್ಲಮ್ಮ ಒಳಗೆ ಬಂದು, ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ಯಾವಾಗ ಹೊಸಿಲು ದಾಟಿದಳೋ, ಬಹುಶಃ ಅವಳಿಗೇ ಗೊತ್ತಿರಲಿಲ್ಲ.

ಸಮಯ ಹಾಕಿ, ಜಾಗ ಹಾಕಿ, ಮಧ್ಯ ಏಷ್ಯಾದ ಒಂದು ಕೇಂದ್ರದ ದಾಖಲೆ ತೆಗೆದರು. ಗೆರೆ ಇತ್ತು. ನೆಲ ನಡುಗಿದ್ದು ದಿಟ.

ಸಣ್ಣತಾಯಮ್ಮ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಇದು ಸ್ಫೋಟವೇ ಆಗಿದ್ದರೆ? ಎದುರಿಗೆ ಕೂತಿರುವವಳಿಗೆ ಏನು ಹೇಳಲಿ? ಆಗಿದ್ದರೆ ಆಗಿದೆ ಎಂದೇ ಹೇಳಬೇಕು ಎಂದು ನಿಶ್ಚಯಿಸಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡಳು. ಭಾನುವಿನ ಪೆನ್ನಿನ ಡಬ್ಬಿಯಿಂದ ಸ್ಕೇಲು ತೆಗೆದು ಪರದೆಯ ಮೇಲೇ ಇಟ್ಟಳು.

“ಅತ್ತೆ, ಅದಕ್ಕೆ ಮೌಸ್ ಅದೆ” ಎಂದಳು ಭಾನು.

“ಇರಲಿ ಬುಡು, ನಂಗೆ ಇದೇ ಸರಿ.”

ಮೊದಲ ಅಲೆ ನೋಡಿದಳು. ಆಮೇಲೆ ಎರಡನೆಯದು. ಇನ್ನೊಂದು ಕೇಂದ್ರದ್ದು ತೆಗೆಸಿದಳು, ಮತ್ತೊಂದು ದಿಕ್ಕಿನ ಕೇಂದ್ರದ್ದು ತೆಗೆಸಿದಳು. ಒಂದರಲ್ಲಿ ನೆಲ ಮೊದಲು ಮೇಲಕ್ಕೆ ತಳ್ಳಿತ್ತು, ಇನ್ನೊಂದರಲ್ಲಿ ಕೆಳಕ್ಕೆ ಎಳೆದಿತ್ತು. ಹಳೆಯ ಲೆಡ್ಜರಿನ ಹಿಂಬದಿಯಲ್ಲಿ ನಿಮಿಷ, ಸೆಕೆಂಡು ಗುರುತು ಹಾಕಿಕೊಂಡಳು. ಹೀಗೇ ಮುಕ್ಕಾಲು ಗಂಟೆ ಕಳೆಯಿತು. ಪುಟ್ಟಮಾದು ಹಲಸಿನ ತೊಳೆ ತುಂಬಿದ ತಟ್ಟೆ ತಂದಿಟ್ಟು, ತುದಿಗಾಲಲ್ಲಿ ನಡೆದು ಹೋದ.

“ಬಾಂಬಲ್ಲ ಅಕ್ಕ. ನೆಲ ತಾನೇ ಜಾರಿರದು” ಎಂದಳು ಕೊನೆಗೆ.

“ಎಂಗ್ ಯೋಳ್ತೀರಿ?”

“ನಮ್ಮಪ್ಪ ಬಾವಿ ತೋಡೋರು. ಬಂಡೆಗೆ ಮದ್ದಿಟ್ಟು ಸಿಡಿಸುದ್ರೆ ಎಂಗಿರ್ತದೆ ಯೋಳಿ? ಮೊದಲ ಏಟೇ ದೊಡ್ಡದು, ಆಮೇಲೆ ಏನೂ ಇಲ್ಲ. ಸುತ್ತ ನಿಂತಿರೋರ್ನೆಲ್ಲಾ ಒಂದೇ ಸಲ ಆಚೆಗೆ ತಳ್ತದೆ. ಅದೇ ಬಾವಿ ದಡ ಕುಸುದ್ರೆ? ಮೊದ್ಲು ಸಣ್ಣಗೆ ಗುರ್ ಅಂತದೆ, ಆಮೇಲೆ ದಡಾರ್ ಅಂತ ಬತ್ತದೆ. ಈ ಕಡೆಯೋರ್ಗೆ ತಳ್ಳಿದಂಗೆ, ಆ ಕಡೆಯೋರ್ಗೆ ಎಳದಂಗೆ. ಇಲ್ಲಿ ನೋಡಿ, ಇದು ಗುರ್ ಅಂದಿರದು. ಇದು ದಡಾರ್ ಅಂದಿರದು.”

ಶಾಂತಮಲ್ಲಮ್ಮ ಬಗ್ಗಿ ಪರದೆ ನೋಡಿದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅರ್ಥವಾಯಿತೋ ಇಲ್ಲವೋ, ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಮರುಕ್ಷಣವೇ ಇನ್ನೊಂದು ಪ್ರಶ್ನೆ ಎದ್ದಿತು.

“ಬಾಂಬಿನ ಗೆರೆ ಎಂಗಿರ್ತದೆ ಅಂತ ನಿಮಗೆಂಗ್ ಗೊತ್ತು?”

ಸಣ್ಣತಾಯಮ್ಮ ಸ್ಕೇಲು ಕೆಳಗಿಟ್ಟಳು. ಮನೆಯ ಹೊರಗಿನವರಿಗೆ ಅವಳು ಇದನ್ನು ಹೇಳಿದ್ದು ಅದೇ ಮೊದಲು.

೧೯೯೮ರ ಮೇ ಹನ್ನೊಂದು. ಅಂದು ಬುದ್ಧ ಪೂರ್ಣಿಮೆ. ಮಧ್ಯಾಹ್ನದ ಪಾಳಿಯಲ್ಲಿ ಅವಳಿದ್ದಳು. ಮೂರೂ ಮುಕ್ಕಾಲು ದಾಟುತ್ತಿದ್ದಂತೆ ಮುಳ್ಳು ಒಮ್ಮೆಗೇ ಎಗರಿತು. ಇಷ್ಟು ಹತ್ತಿರದಿಂದ ಅಂಥ ಗೆರೆ ಬಂದದ್ದನ್ನು ಅವಳು ನೋಡಿರಲಿಲ್ಲ. ಮರಿಮಲ್ಲಪ್ಪ ಓಡಿ ಬಂದರು, ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಸಂಜೆಯ ಹೊತ್ತಿಗೆ ಟಿವಿಯಲ್ಲಿ ಸುದ್ದಿ. ಪೋಖರಣದಲ್ಲಿ ನಮ್ಮವರೇ ಸಿಡಿಸಿದ್ದು. ಊರಿನಲ್ಲಿ ಪಟಾಕಿ ಹೊಡೆದರು, ಸಿಹಿ ಹಂಚಿದರು. ಅವಳೂ ತಿಂದಳು. ಹೆಮ್ಮೆಯೂ ಆಯಿತು, ಸುಳ್ಳೇಕೆ. ಹದಿನೇಳು ದಿನಕ್ಕೆ, ಅದೇ ಯಂತ್ರ, ಅದೇ ಮುಳ್ಳು, ಅದೇ ಮಧ್ಯಾಹ್ನದ ಪಾಳಿ. ಈ ಸಲ ಪಾಕಿಸ್ತಾನದ್ದು.

“ಎರಡು ಕಾಗದನೂ ಪಕ್ಕ ಪಕ್ಕ ಇಟ್ಟು ನೋಡ್ದೆ ಅಕ್ಕ. ಮೇಲೆ ತಾರೀಕು ಬರೀದೆ ಇದ್ದಿದ್ರೆ ಯಾವುದು ನಮ್ದು, ಯಾವುದು ಅವರ್ದು ಅಂತ ಬೇರೆಯೋರ್ಗೆ ಗೊತ್ತೇ ಆಗ್ತಿರ್ಲಿಲ್ಲ. ಅವತ್ತು ಮಾತ್ರ ಊಟ ಸೇರ್ಲಿಲ್ಲ ನಂಗೆ.”

ಶಾಂತಮಲ್ಲಮ್ಮ ಮೇಜಿನ ಮೇಲಿನ ಹಲಸಿನ ತೊಳೆಗಳ ಕಡೆ ನೋಡಿದಳು. ಆಮೇಲೆ, “ಬೆಳಿಗ್ಗಿಂದ ಏನೂ ಕುಡ್ದಿಲ್ಲ ಕಣ್ ತಾಯಮ್ಮ. ಒಂದ್ ಲೋಟ ಕಾಫಿ ಮಾಡ್ಸಿ” ಎಂದಳು.

ಪುಟ್ಟಮಾದು ಅಡುಗೆಮನೆಯಿಂದ ತಲೆ ಹಾಕಿ ಹೆಂಡತಿಯ ಮುಖ ನೋಡಿದ. ಸಣ್ಣತಾಯಮ್ಮ ಏನೂ ಆಗದವಳಂತೆ, “ಸಕ್ಕರೆ ಕಮ್ಮಿ ಹಾಕಿ, ಅವರಿಗೆ ಶುಗರ್ ಅದೆ” ಎಂದಳು.

ಅಂದೇ ಸಂಜೆ ಕದನ ನಿಂತಿತೆಂದು ಟಿವಿಯಲ್ಲಿ ಬಂತು. ಮಾರನೆಯ ದಿನ ಸೋಮೇಶನ ಫೋನೂ ಬಂತು. ನೆಟ್‌ವರ್ಕ್ ಇರಲಿಲ್ಲವಂತೆ, ಅಷ್ಟೇ. ನೆಲ ನಡುಗಿದ್ದು ಭೂಕಂಪವೇ ಎಂದು ದೊಡ್ಡ ಕೇಂದ್ರಗಳವರೂ ಹೇಳಿದರು. ಆದರೆ ಬಡಾವಣೆಯಲ್ಲಿ ಶಾಂತಮಲ್ಲಮ್ಮ ಅದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ಅವ್ರೆಲ್ಲಾ ಆಮೇಲ್ ಯೋಳಿರದು. ನಮ್ ತಾಯಮ್ಮ ಬೆಳಿಗ್ಗೇನೆ ಸ್ಕೇಲ್ ಇಟ್ಟು ಯೋಳ್ಬುಟ್ಟವ್ಳೆ” ಎಂದು ಹಾಲಿನವನಿಂದ ಹಿಡಿದು ದೇವಸ್ಥಾನದ ಅಯ್ನೋರವರೆಗೆ ಎಲ್ಲರಿಗೂ ಹೇಳಿದಳು. ರಾಜಣ್ಣ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ತಾನೇ ಬಂದು, “ಮೇಡಮ್ಮೋರೆ, ಇನ್ಮೇಲೆ ಇಂಥವು ಬಂದ್ರೆ ಕಳ್ಸಕ್ ಮುಂಚೆ ನಿಮ್ಗೆ ತೋರುಸ್ತೀನಿ” ಎಂದ. ಅದೊಂದು ಹೊಸ ಕಾಟವೇ ಆಯಿತು. ಗೋಡೆ ಬಿರುಕು ಬಿಟ್ಟವರು, ಕ್ವಾರಿಯ ಸದ್ದಿಗೆ ಪಾತ್ರೆ ಅದುರಿದವರು, ಎಮ್ಮೆ ಸುಮ್ಮಸುಮ್ಮನೆ ನಡುಗುತ್ತದೆ ಎನ್ನುವವರು, ಎಲ್ಲರೂ ಗೇಟಿನ ಮುಂದೆ. ಎಮ್ಮೆಯದು ದನದ ಡಾಕ್ಟರಿಗೆ ತೋರಿಸಿ ಎಂದು ಕಳಿಸಬೇಕಾಯಿತು.

ಜುಲೈ ಕೊನೆಯಲ್ಲಿ ಮಹದೇವ ಬಂದ. ಹಿರೋಶಿಮಾದ ಮೇಲೆ ಬಾಂಬು ಬಿದ್ದು ಆಗಸ್ಟ್ ಆರಕ್ಕೆ ಎಂಬತ್ತು ವರ್ಷ, ಕಾಲೇಜಿನಲ್ಲಿ ಒಂದು ಗಂಟೆ ಮಾತಾಡಬೇಕು ಎಂದ.

“ನಾನ್ ಎಲ್ ಮಾತಾಡ್ಲಿ ಸಾರ್, ನಂಗೆ ಅಭ್ಯಾಸ ಇಲ್ಲ.”

“ನಮ್ಮವ್ವಂಗೆ ಯೋಳಿದ್ರಲ್ಲ ಅಕ್ಕ, ಅದನ್ನೇ ಯೋಳಿ ಸಾಕು. ನಾನು ಪಾಠ ಮಾಡುವಾಗ ಒಪ್ಪಂದಗಳ ಹೆಸರು, ಇಸವಿ ಬರೆಸ್ತೀನಿ. ಹುಡುಗ್ರು ಆಕಳಿಸ್ತಾರೆ. ನಿಜ ಹೇಳ್ಬೇಕು ಅಂದ್ರೆ ನನಗೂ ಅದರಲ್ಲಿ ನಂಬಿಕೆ ಉಳಿದಿಲ್ಲ.”

ಅವನು ಹೋದ ಮೇಲೆ ಅವಳು ಗಂಡನ ಹತ್ತಿರ ಗೊಣಗಿದಳು. ಪುಟ್ಟಮಾದು ಈರುಳ್ಳಿ ಸುಲಿಯುತ್ತಾ, “ಗೂಡಲೂರು ಘಾಟಿ ಇಳಿವಾಗ ಐವತ್ತು ಜನರ ಪ್ರಾಣ ನನ್ ಕೈಲಿರದು. ನಿನ್ ಕೈಲಿ ಬರೀ ಮೈಕು. ಹೋಗ್ಬಾ” ಎಂದ.

ಹೋದಳು. ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು, ಚೀಟಿಯಲ್ಲಿ ಬರೆದುಕೊಂಡು ಹೋದಳು. ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಕೂತಿದ್ದರು. ಎಲ್ಲರಿಗೂ ಗೊತ್ತಿರುವುದನ್ನು, ಪತ್ರಿಕೆಗಳಲ್ಲಿ ಬಂದಿರುವುದನ್ನು ಮಾತ್ರ ಹೇಳುತ್ತೇನೆ, ಆಫೀಸಿನ ಗುಟ್ಟು ಕೇಳಬೇಡಿ ಎಂದು ಶುರುಮಾಡಿದಳು. ಮೊದಲ ಐದು ನಿಮಿಷ ಚೀಟಿ ಓದಿದಳು. ಆಮೇಲೆ ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿ, ದಾಖಲೆ ಪುಸ್ತಕದ ಆ ಒಂದು ಕಾಲಮ್ಮಿನ ಕಥೆ ಹೇಳಿದಳು.

“ನಾನು ಕೆಲಸಕ್ಕೆ ಸೇರಿದಾಗ ಆ ಕಾಲಂ ತುಂಬಿ ತುಳುಕ್ತಿತ್ತು. ಒಂದು ವರ್ಷಕ್ಕೆ ನಲವತ್ತು, ಐವತ್ತು ಪರೀಕ್ಷೆ. ಆಮೇಲೆ ದೊಡ್ಡ ದೇಶದವರು ಕೂತು ಮಾತಾಡಿದರು, ಬಿಟ್ಟರು, ಮತ್ತೆ ಮಾತಾಡಿದರು. ಒಬ್ಬರಾದ ಮೇಲೆ ಒಬ್ಬರು ನಿಲ್ಲಿಸಿದರು. ಒಂದು ತಿಂಗಳು ಕಾಲಂ ಖಾಲಿ. ಎರಡು ತಿಂಗಳು ಖಾಲಿ. ಮುಳ್ಳು ಕೆಟ್ಟೋಯ್ತಾ ಅಂತ ಗುಂಡಿ ಹತ್ತಿರ ಹೋಗಿ ನೋಡ್ಕೊಂಡು ಬಂದಿದ್ದೀನಿ. ಈ ಶತಮಾನದಲ್ಲಿ ಇಲ್ಲಿವರೆಗೆ ಪರೀಕ್ಷೆ ಮಾಡಿರೋದು ಒಂದೇ ದೇಶ. ತನ್ನ ಕೆಲಸ ಕಮ್ಮಿ ಆಗೋದನ್ನ ನೋಡಿ ಸಂತೋಷಪಟ್ಟ ಉದ್ಯೋಗಿ ಇಡೀ ಇಲಾಖೆಯಲ್ಲಿ ನಾನೊಬ್ಬಳೇ ಇರಬೇಕು.”

ಹುಡುಗರು ನಕ್ಕರು. ನಾನು ಸೇರಿದ ವರ್ಷ ಜಗತ್ತಿನಲ್ಲಿ ಎಪ್ಪತ್ತು ಸಾವಿರ ಅಣ್ವಸ್ತ್ರ ಇದ್ದವು, ಈಗ ಹನ್ನೆರಡು ಸಾವಿರದ ಆಸುಪಾಸು ಎಂದಳು. ಅದೂ ಕಡಿಮೆಯಲ್ಲ, ಊರಿಗೆ ಬೆಂಕಿ ಹಚ್ಚಲು ಒಂದು ಕಡ್ಡಿ ಸಾಕು; ಆದರೆ ಕಡ್ಡಿಗಳನ್ನು ಎಣಿಸಿ ಎಣಿಸಿ ಕಡಿಮೆ ಮಾಡಿದ್ದೂ ಮನುಷ್ಯರೇ ಎಂದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ರೂಪಶ್ರೀ ಎಂಬ ಹುಡುಗಿ ಎದ್ದು ನಿಂತಳು. ಎರಡನೇ ಬಿ.ಎ., ತೆರಕಣಾಂಬಿ ಕಡೆಯವಳು. “ಮೇಡಂ, ಅದೆಲ್ಲಾ ಶಾಂತಿ ಇದ್ದಾಗಿನ ಮಾತು. ಈಗ ನೋಡಿ, ಎಲ್ಲಾ ಕಡೆ ಯುದ್ಧ. ಅಮೆರಿಕ, ರಷ್ಯಾ ನಡುವಿನ ಕೊನೇ ಒಪ್ಪಂದನೂ ಫೆಬ್ರವರಿಗೆ ಮುಗೀತದೆ ಅಂತ ನಮ್ಮ ಸರ್ ಹೇಳಿದ್ರು. ಒಬ್ಬರನ್ನೊಬ್ಬರು ನಂಬದೇ ಇರೋರು ಒಪ್ಪಂದ ಮಾಡ್ಕೊಂಡು ಏನ್ ಪ್ರಯೋಜನ?”

ಸಣ್ಣತಾಯಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನಮ್ಮ ಕುದೇರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ರು ಕಣಮ್ಮ. ನಮ್ಮಪ್ಪನೇ ತೋಡಿದ ಬಾವಿ, ಇಬ್ಬರಿಗೂ ಪಾಲು. ಹೊಡೆದಾಡಿ ಮಾತು ಬಿಟ್ಟು ಇಪ್ಪತ್ತು ವರ್ಷ. ಒಬ್ಬರ ಮನೆ ಸಾವಿಗೆ ಇನ್ನೊಬ್ಬರು ಹೋಗ್ಲಿಲ್ಲ. ಆದರೆ ನೀರಿನ ಸರದಿ ಒಂದು ದಿನ ತಪ್ಪಲಿಲ್ಲ. ಇವತ್ತು ಅಣ್ಣಂದು, ನಾಳೆ ತಮ್ಮಂದು. ಪ್ರೀತಿಯಿಂದ ಅಲ್ಲ. ಸರದಿ ತಪ್ಪಿದರೆ ಇಬ್ಬರ ಬೆಳೆನೂ ಒಣಗ್ತದೆ ಅಂತ ಗೊತ್ತಿತ್ತು. ನೀರು ಎಷ್ಟಿದೆ ಅಂತ ಇಬ್ಬರಿಗೂ ಕಾಣ್ತಿತ್ತು, ಸುಳ್ಳು ಹೇಳೋ ಹಾಗಿರಲಿಲ್ಲ. ನಂಬಿಕೆ ಇರೋರಿಗೆ ಒಪ್ಪಂದ ಯಾಕಮ್ಮ ಬೇಕು? ನಂಬಿಕೆ ಇಲ್ಲದೋರಿಗೇ ಬೇಕಾಗಿರೋದು.”

ಆಮೇಲೆ ಇನ್ನೊಂದು ಸಂಗತಿ ಹೇಳಿದಳು. ಸಭೆಯಲ್ಲಿ ಯಾರಿಗೂ, ಮಹದೇವನೊಬ್ಬನನ್ನು ಬಿಟ್ಟು, ಅದು ಗೊತ್ತಿರಲಿಲ್ಲ. ಪ್ರತಿ ಜನವರಿ ಒಂದನೇ ತಾರೀಕು ಭಾರತವೂ ಪಾಕಿಸ್ತಾನವೂ ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ, ಇವುಗಳ ಮೇಲೆ ಕೈ ಮಾಡಬಾರದು ಎಂದು. ೧೯೯೨ರಿಂದ ಒಂದು ವರ್ಷವೂ ತಪ್ಪಿಲ್ಲ. ಕಾರ್ಗಿಲ್ಲಿನಲ್ಲಿ ಗುಂಡು ಹಾರಿದ ವರ್ಷವೂ ಕೊಟ್ಟಿದ್ದಾರೆ, ರಾಯಭಾರಿಗಳನ್ನು ಹಿಂದಕ್ಕೆ ಕರೆಸಿಕೊಂಡ ವರ್ಷವೂ ಕೊಟ್ಟಿದ್ದಾರೆ.

ಮಹದೇವ ಸುಮ್ಮನಿರಲಿಲ್ಲ. “ಅಕ್ಕ, ಒಂದು ಮಾತು. ಎರಡೂ ಕಡೆ ಬಾಂಬು ಇರೋದ್ರಿಂದಲೇ ದೊಡ್ಡ ಯುದ್ಧ ಆಗಿಲ್ಲ ಅಂತ ಹೇಳೋರಿದ್ದಾರೆ. ನಮ್ಮ ತಮ್ಮ ಗಡೀಲಿ ಇರುವಾಗ ನಾನೂ ಹಾಗೇ ಅಂದ್ಕೊಂಡು ಧೈರ್ಯ ತಂದ್ಕೊಂ‍ಡೆ. ನೀವೇನಂತೀರಿ?”

“ಇರಬಹುದು ಸಾರ್. ಅದು ನಂಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ಹೇಳಲ್ಲ. ನಮ್ಮ ದೇಶನೂ ಪರೀಕ್ಷೆ ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದಕ್ಕೆ ಅದರದೇ ಕಾರಣ ಇರ್ತಾವೆ. ನಂಗೆ ಗೊತ್ತಿರೋದು ಇಷ್ಟೇ. ಕದ್ದು ಮಾಡಿದ್ರೆ ಗೊತ್ತಾಗ್ತದೆ. ಗೊತ್ತಾಗ್ತದೆ ಅಂತ ಇದ್ದಾಗ ಮಾಡೋನೂ ಒಂದು ಸಲ ಯೋಚನೆ ಮಾಡ್ತಾನೆ. ಆ ಒಂದು ಯೋಚನೆಗೋಸ್ಕರ ನಾವು ಮೂವತ್ತೇಳು ವರ್ಷ ಪೇಪರ್ ಬದಲಾಯಿಸಿದ್ದು.”

ಚಪ್ಪಾಳೆ ಬಿತ್ತು. ಅದಕ್ಕಿಂತ ಅವಳಿಗೆ ಖುಷಿ ತಂದದ್ದು, ಮುಗಿದ ಮೇಲೆ ರೂಪಶ್ರೀಯೂ ಇನ್ನೂ ಆರೇಳು ಜನವೂ ವೇದಿಕೆಯ ಹತ್ತಿರ ಬಂದು, “ಮೇಡಂ, ನಮಗೂ ಗೆರೆ ಓದೋದು ಹೇಳ್ಕೊಡ್ತೀರಾ?” ಎಂದು ಕೇಳಿದ್ದು.

ಹೀಗೆ ಶನಿವಾರದ ಪಾಠ ಶುರುವಾಯಿತು. ಮೊದಲ ವಾರ ಹದಿಮೂರು ಜನ, ಎರಡನೆಯ ವಾರ ಒಂಬತ್ತು, ಆಮೇಲೆ ಐದು ಜನ ಗಟ್ಟಿಯಾಗಿ ನಿಂತರು. ಭಾನು ತನ್ನ ವಿಭಾಗದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಸಣ್ಣ ಕಂಪನ ಮಾಪಕವೊಂದನ್ನು ಪ್ರೊಫೆಸರರ ಒಪ್ಪಿಗೆ ಪಡೆದು ತಂದು, ಕಾಲೇಜಿನ ಸ್ಟೋರ್ ರೂಮಿನ ನೆಲಕ್ಕೆ ಕೂರಿಸಿದಳು. ಮೊದಲ ಒಂದು ತಿಂಗಳು ಅದರಲ್ಲಿ ಬಂದದ್ದೆಲ್ಲಾ ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿಗಳ ಗೆರೆಯೇ. ಸೆಪ್ಟೆಂಬರಿನಲ್ಲಿ ಒಂದು ದಿನ ರೂಪಶ್ರೀ ಸ್ಟೋರ್ ರೂಮಿನಿಂದ ಓಡಿ ಬಂದು, “ಮೇಡಂ, ಇದು ಲಾರಿ ಅಲ್ಲ!” ಎಂದು ಕೂಗಿದಳು. ಎಲ್ಲೋ ಸಮುದ್ರದಾಚೆಯ ದೊಡ್ಡ ಭೂಕಂಪ. ಮೊದಲ ಅಲೆ ಯಾವುದು, ಎರಡನೆಯದು ಯಾವುದು ಎಂದು ಹುಡುಗಿ ತಾನೇ ಗುರುತಿಸಿದ್ದಳು. ಒಂದು ಕಡೆ ತಪ್ಪಿತ್ತು. ಸಣ್ಣತಾಯಮ್ಮ ತಪ್ಪನ್ನು ತಿದ್ದಿ, ಪುಟದ ಕೆಳಗೆ ಅವಳ ಸಹಿಯನ್ನೇ ಹಾಕಿಸಿದಳು.

ದೀಪಾವಳಿಗೆ ಸೋಮೇಶ್ ರಜೆಯ ಮೇಲೆ ಬಂದ. ಎತ್ತರದ ಆಳು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ. ಬಂದ ಮೂರನೆಯ ದಿನ ಪುಟ್ಟಮಾದು ಅವರ ಮನೆಯವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದ. ಶಾಂತಮಲ್ಲಮ್ಮ ಬೆಳಿಗ್ಗೆಯೇ ಬಂದು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿದಳು, ಪುಟ್ಟಮಾದು ಹುಳಿಗೆ ಉಪ್ಪು ಹಾಕುವಾಗಲೆಲ್ಲ ‘ಸಾಕು, ಸಾಕು’ ಎಂದಳು.

ಊಟಕ್ಕೆ ಕೂತಾಗ ಸೋಮೇಶ್, “ಆಂಟಿ, ಅವ್ವ ಫೋನಲ್ಲಿ ಯೋಳ್ತಿದ್ಲು. ಆ ಸುದ್ದಿ ನಮಗೂ ಬಂದಿತ್ತು ಗೊತ್ತಾ?” ಎಂದ.

“ಅಲ್ಲಿಗೂ ಬಂದಿತ್ತಾ?”

“ಊಟ ತರೋರ ಬಾಯಿಂದ ಬಾಯಿಗೆ ಬಂದಿತ್ತು. ನಮ್ ಜೊತೆ ಒಬ್ಬ ಪಂಜಾಬಿನವ್ನು ಇದ್ದ, ಊರು ಗಡಿ ಪಕ್ಕದಲ್ಲೇ. ಅವನು ಒಂದೇ ಸಮ ನೆಲ ನೋಡ್ತಾ ಕೂತಿದ್ದ. ಬಂದೂಕಿನ ಗುಂಡಿಗೆ ನಾವ್ ಯಾರೂ ಹೆದರೋರಲ್ಲ ಆಂಟಿ. ಅದು ಬೇರೆ. ಇದು ಬೇರೆ.” ಒಂದು ತುತ್ತು ಉಂಡು, “ನೀವು ಅಲ್ಲಿದ್ದಿದ್ರೆ ಚೆನ್ನಾಗಿತ್ತು” ಎಂದ.

“ನಾನ್ಯಾಕಪ್ಪ ಅಲ್ಲಿ?” ಎಂದು ಸಣ್ಣತಾಯಮ್ಮ ನಕ್ಕಳು.

ಮಹದೇವ ಎಂದಿನಂತೆ ಒಪ್ಪಂದಗಳ ಭವಿಷ್ಯದ ಬಗ್ಗೆ ಶುರುಮಾಡಿದ. ಫೆಬ್ರವರಿ ಬಂದರೆ ಏನಾಗುತ್ತದೋ, ಹೊಸದಾಗಿ ಪರೀಕ್ಷೆ ಶುರುಮಾಡುತ್ತಾರೋ ಏನೋ ಎಂದ. ಮಾಡಲೂಬಹುದು ಎಂದು ಸಣ್ಣತಾಯಮ್ಮ ಒಪ್ಪಿಕೊಂಡಳು. ಒಮ್ಮೆ ಏರಿ ಇಳಿದ ಸಂಖ್ಯೆ ಮತ್ತೆ ಏರುವುದಿಲ್ಲ ಎಂದೇನೂ ಇಲ್ಲ. ಅವಳಿಗೆ ಅದರ ಭಯ ಇತ್ತು. ಆದರೆ ಬಾಗಿಲ ಬಳಿ ಭಾನುವೂ, ಅವಳು ಊಟಕ್ಕೆ ಕರೆದಿದ್ದ ರೂಪಶ್ರೀಯೂ ಹಿಂದಿನ ವಾರದ ಗೆರೆಯೊಂದನ್ನು ಹಿಡಿದು, ಅದು ಕ್ವಾರಿಯದೋ ಭೂಮಿಯದೋ ಎಂದು ಕಿತ್ತಾಡುತ್ತಿದ್ದರು. ಅದನ್ನು ಕೇಳಿಸಿಕೊಳ್ಳುತ್ತಾ ಅವಳಿಗೆ ಊಟ ರುಚಿಯಾಗಿ ಹೋಗುತ್ತಿತ್ತು.

“ಮಾತು ಆಮೇಲೆ ಮಹದೇವಪ್ಪ, ಪಾಯಸ ಆರೋಯ್ತದೆ” ಎಂದು ಪುಟ್ಟಮಾದು ಸೌಟು ಹಿಡಿದು ಬಂದ. ಶಾಂತಮಲ್ಲಮ್ಮ ತನ್ನ ಲೋಟ ಮುಂದೆ ಸರಿಸಿ, ಶುಗರ್ ಇದ್ದರೂ ಇವತ್ತೊಂದು ದಿನ ಅರ್ಧ ಸೌಟು ಹಾಕು ಎಂದಳು.